ಸರ್ಚ್‌ನಲ್ಲಿ ಮೊದಲು ಬಂದದ್ದೆಲ್ಲ ಸರಿ ಉತ್ತರವಲ್ಲ: ಗಲ್ಫ್ ಕನ್ನಡಿಗರು ತಿಳಿದಿರಬೇಕಾದ ಗೂಗಲ್ ಲೆಕ್ಕಾಚಾರ

ಪಾಸ್‌ಪೋರ್ಟ್ ರಿನ್ಯೂವಲ್, ವೀಸಾ ಸ್ಟೇಟಸ್, ಊರಿಗೆ ಹಣ ಕಳಿಸುವ ರೇಟ್, ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್, ಹೊಸ ಕೆಲಸ. ಇವಕ್ಕೆಲ್ಲ ಮೊದಲು ರೂಮಿನಲ್ಲಿರುವ ಹಳಬರನ್ನೋ, ಟೈಪಿಂಗ್ ಸೆಂಟರ್‌ನವರನ್ನೋ, ಊರಿನ ಸಂಘದ ಹಿರಿಯರನ್ನೋ ಕೇಳುತ್ತಿದ್ದ ಕಾಲ ಇತ್ತು. ಈಗ ಮೊಬೈಲ್ ತೆಗೆದು ಗೂಗಲ್‌ನಲ್ಲಿ ಟೈಪ್ ಮಾಡುವುದು, ಇಲ್ಲಾಂದ್ರೆ ಮೈಕ್ ಒತ್ತಿ ಕೇಳುವುದು. ಮೇಲೆ ಯಾವುದು ಬಂತೋ ಅದನ್ನೇ ಒತ್ತುವುದು. ಹೆಚ್ಚಿನವರು ಎರಡನೇ ಪುಟಕ್ಕೆ ಹೋಗುವುದೇ ಇಲ್ಲ.

ಮೇಲೆ ಬಂದಿದೆ ಅಂದ್ರೆ ಸರಿಯಾದದ್ದೇ ಇರಬೇಕು ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಮೇಲೆ ಬರುವುದಕ್ಕೂ ಸರಿ ಇರುವುದಕ್ಕೂ ನೇರ ಸಂಬಂಧ ಇಲ್ಲ. ಮೇಲೆ ಬರಿಸುವುದೇ ಒಂದು ದೊಡ್ಡ ಉದ್ಯಮ. ಅದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಗೊತ್ತಿದ್ದರೆ, ತಿಂಗಳ ಸಂಬಳ ಒಂದೇ ಒತ್ತಿಗೆ ಹೋಗುವುದನ್ನು ತಪ್ಪಿಸಬಹುದು.

ಗೂಗಲ್ ಪಟ್ಟಿ ಮಾಡುವುದು ಹೇಗೆ?

ಸರ್ಚ್ ಎಂಜಿನ್ ಮೂರು ಕೆಲಸ ಮಾಡುತ್ತದೆ. ಒಂದು, ಅದರ ಪ್ರೋಗ್ರಾಂಗಳು ಲಿಂಕ್‌ನಿಂದ ಲಿಂಕ್‌ಗೆ ಹೋಗುತ್ತ ಜಗತ್ತಿನ ವೆಬ್‌ಸೈಟ್‌ಗಳ ಪುಟಗಳನ್ನು ಓದುತ್ತವೆ. ಎರಡು, ಓದಿದ್ದನ್ನು ದೊಡ್ಡ ಸೂಚಿಯಲ್ಲಿ ಬರೆದಿಡುತ್ತವೆ, ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಕೊಟ್ಟಿರುವ ಹಾಗೆ. ಮೂರು, ನೀವು ಪ್ರಶ್ನೆ ಕೇಳಿದಾಗ ಆ ಸೂಚಿ ನೋಡಿ ಯಾವುದು ಮೊದಲು, ಯಾವುದು ನಂತರ ಎಂದು ಕ್ರಮ ಹಾಕುತ್ತವೆ. ಅಂದರೆ ನೀವು ಸರ್ಚ್ ಕೊಟ್ಟಾಗ ಗೂಗಲ್ ಇಡೀ ಇಂಟರ್‌ನೆಟ್ ಹುಡುಕುವುದಿಲ್ಲ, ಮೊದಲೇ ಬರೆದಿಟ್ಟ ತನ್ನ ಲೆಡ್ಜರ್ ಅನ್ನು ನೋಡುತ್ತದೆ, ಅಷ್ಟೇ.

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಕಂಪನಿ ಶುರು ಮಾಡಿದಾಗ ಅವರ ದೊಡ್ಡ ಉಪಾಯ ಈ ಕ್ರಮ ಹಾಕುವುದರಲ್ಲೇ ಇತ್ತು. ಒಂದು ಪುಟಕ್ಕೆ ಬೇರೆ ಪುಟಗಳು ಲಿಂಕ್ ಕೊಟ್ಟರೆ ಅದು ಒಂದು ಮತ ಇದ್ದ ಹಾಗೆ. ಹೆಸರಿರುವ ಸೈಟ್ ಕೊಟ್ಟ ಮತಕ್ಕೆ ತೂಕ ಜಾಸ್ತಿ. ಇದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರು. ಇವತ್ತು ಇದರ ಜೊತೆಗೆ ಇನ್ನೂ ನೂರಾರು ಅಂಶ ಸೇರಿವೆ: ಪುಟ ಎಷ್ಟು ಬೇಗ ತೆರೆಯುತ್ತದೆ, ಮೊಬೈಲ್‌ನಲ್ಲಿ ಸರಿ ಕಾಣುತ್ತದಾ, ಮಾಹಿತಿ ಹೊಸದಾ, ಹುಡುಕುವವರು ಎಲ್ಲಿದ್ದಾರೆ. ಅದಕ್ಕೇ ಒಂದೇ ಪ್ರಶ್ನೆಗೆ ದುಬೈಯಲ್ಲಿ ಕಾಣುವ ಪಟ್ಟಿ ಬೇರೆ, ಕುಂದಾಪುರದಲ್ಲಿ ಕಾಣುವ ಪಟ್ಟಿ ಬೇರೆ.

ದುಡ್ಡು ಕೊಟ್ಟು ಬಂದದ್ದು ಯಾವುದು?

ಪಟ್ಟಿಯ ಮೇಲ್ಭಾಗದಲ್ಲಿ ಕೆಲವಕ್ಕೆ ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ' ಅಥವಾ ಇಂಗ್ಲಿಷ್‌ನಲ್ಲಿ 'ಸ್ಪಾನ್ಸರ್ಡ್' ಎಂದಿರುತ್ತದೆ. ಅದು ಜಾಹೀರಾತು. ಗೂಗಲ್ 2000ನೇ ಇಸವಿಯಿಂದಲೂ ಹೀಗೆ ಜಾಹೀರಾತು ಮಾರುತ್ತಿದೆ. ಇದು ಹರಾಜಿನ ಲೆಕ್ಕ: 'ಪಾಸ್‌ಪೋರ್ಟ್ ರಿನ್ಯೂವಲ್' ಎಂದು ಯಾರಾದರೂ ಹುಡುಕಿದಾಗ ನನ್ನ ಸೈಟ್ ತೋರಿಸಿ, ಒಂದು ಕ್ಲಿಕ್ಕಿಗೆ ಇಷ್ಟು ಕೊಡುತ್ತೇನೆ ಎಂದು ಹಲವರು ಬಿಡ್ ಮಾಡುತ್ತಾರೆ. ಬಿಡ್ ಮೊತ್ತ ಮತ್ತು ಜಾಹೀರಾತಿನ ಗುಣಮಟ್ಟ ಎರಡನ್ನೂ ನೋಡಿ ಜಾಗ ಸಿಗುತ್ತದೆ.

ಇಲ್ಲಿ ಒಂದು ಸರಳ ಲೆಕ್ಕ ಹಾಕಿ ನೋಡಿ. ಸರ್ಕಾರಿ ಇಲಾಖೆ ತನ್ನ ಸೇವೆಗೆ ಗಿರಾಕಿ ಹುಡುಕಿಕೊಂಡು ಜಾಹೀರಾತಿಗೆ ದುಡ್ಡು ಸುರಿಯುವುದು ಕಡಿಮೆ. ಕ್ಲಿಕ್ಕಿಗೆ ದುಡ್ಡು ಕೊಡುವವನು ಆ ದುಡ್ಡನ್ನು ಎಲ್ಲಿಂದಾದರೂ ವಾಪಸ್ ತೆಗೆಯಲೇಬೇಕು. ಫಾರ್ಮ್ ತುಂಬಿಕೊಡುವ ನೆಪದಲ್ಲಿ ಸರ್ಕಾರಿ ಶುಲ್ಕದ ಮೇಲೆ ಹೆಚ್ಚುವರಿ ಹಣ ಕೇಳುವ ಸೈಟ್‌ಗಳು ಇರುವುದು ಹೀಗೆ. ಕೆಲವು ಸೈಟ್‌ಗಳಂತೂ ಹಣದ ಜೊತೆ ಪಾಸ್‌ಪೋರ್ಟ್ ಕಾಪಿ, ಆಧಾರ್ ವಿವರವನ್ನೂ ತೆಗೆದುಕೊಂಡು ಮಾಯವಾಗುತ್ತವೆ. ಇಂಥ ನಕಲಿ ಪಾಸ್‌ಪೋರ್ಟ್ ಸೈಟ್‌ಗಳ ಬಗ್ಗೆ ಭಾರತದ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ. ಹಾಗಂತ ಜಾಹೀರಾತೆಲ್ಲ ಮೋಸ ಅಲ್ಲ. ಆದರೆ ಸರ್ಕಾರಿ ಕೆಲಸಕ್ಕೆ ಹುಡುಕುವಾಗ 'ಪ್ರಾಯೋಜಿತ' ಎಂದಿರುವುದನ್ನು ದಾಟಿ ಕೆಳಗೆ ಹೋಗುವುದೇ ಒಳ್ಳೆಯದು.

ಎಸ್‌ಇಒ ಎಂಬ ವಿದ್ಯೆ

ಜಾಹೀರಾತಿಗೆ ದುಡ್ಡು ಕೊಡದೆ ಮೇಲೆ ಬರುವುದಕ್ಕೆ ಮಾಡುವ ಕೆಲಸಕ್ಕೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಚಿಕ್ಕದಾಗಿ ಎಸ್‌ಇಒ ಎನ್ನುತ್ತಾರೆ. ಇದರಲ್ಲಿ ನ್ಯಾಯವಾದ ಭಾಗ ಇದೆ. ಜನ ಯಾವ ಪದ ಹಾಕಿ ಹುಡುಕುತ್ತಾರೋ ಅದೇ ಪದದಲ್ಲಿ ತಲೆಬರಹ ಕೊಡುವುದು, ಪುಟ ಬೇಗ ತೆರೆಯುವ ಹಾಗೆ ಮಾಡುವುದು, ಪ್ರಶ್ನೆಗೆ ನೇರ ಉತ್ತರ ಬರೆಯುವುದು. ಅಂಗಡಿಗೆ ದೊಡ್ಡ ಬೋರ್ಡ್ ಹಾಕಿ, ಸಾಮಾನು ಜೋಡಿಸಿಟ್ಟ ಹಾಗೆ.

ಅಡ್ಡದಾರಿಯೂ ಇದೆ. ಒಂದೇ ಪದವನ್ನು ಪುಟದ ತುಂಬ ತುರುಕುವುದು, ದುಡ್ಡು ಕೊಟ್ಟು ಲಿಂಕ್ ಖರೀದಿಸುವುದು, ಒಬ್ಬರು ಬರೆದದ್ದನ್ನು ಹತ್ತು ಕಡೆ ನಕಲು ಮಾಡುವುದು. ಗೂಗಲ್ ಇದರ ವಿರುದ್ಧ ನಿಯಮ ಬಿಗಿ ಮಾಡುತ್ತಲೇ ಬಂದಿದೆ. 2011ರ 'ಪಾಂಡಾ' ಬದಲಾವಣೆ ಸತ್ವ ಇಲ್ಲದ ಪುಟಗಳನ್ನು ಕೆಳಗೆ ತಳ್ಳಿತು. 2012ರ 'ಪೆಂಗ್ವಿನ್' ಖರೀದಿ ಲಿಂಕ್‌ಗಳ ಬೆನ್ನು ಹತ್ತಿತು. 2024ರ ಮಾರ್ಚ್‌ನಲ್ಲಿ ಇನ್ನೂ ಮೂರು ಚಾಳಿಗಳನ್ನು ಹೆಸರಿಸಿ ನಿಷೇಧಿಸಿತು: ರಾಶಿಗಟ್ಟಲೆ ಪುಟ ತಯಾರಿಸಿ ಹಾಕುವುದು, ಅವಧಿ ಮುಗಿದ ಹಳೇ ವಿಳಾಸ ಖರೀದಿಸಿ ಅದರ ಹೆಸರಲ್ಲಿ ಮೇಲೆ ಬರುವುದು, ಹೆಸರಿರುವ ಸೈಟ್‌ನ ಮೂಲೆಯಲ್ಲಿ ಬೇರೆಯವರ ಸರಕು ಇಡುವುದು.

ನಿಯಮ ಬಂದಂತೆಲ್ಲ ಅದನ್ನು ದಾಟುವ ದಾರಿಯೂ ಹುಟ್ಟುತ್ತದೆ. ಲೆಕ್ಕಪತ್ರ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ತೆರಿಗೆ ಕಾನೂನಿಗೂ ಹಾಗೆಯೇ.

ಈಗ ಲಿಂಕ್ ಅಲ್ಲ, ನೇರ ಉತ್ತರ

ಹಿಂದೆ ಸರ್ಚ್ ಎಂದರೆ ಹತ್ತು ನೀಲಿ ಲಿಂಕ್. ಯಾವುದನ್ನು ತೆರೆಯಬೇಕು ಎಂಬುದು ನಿಮ್ಮ ತೀರ್ಮಾನ. ಈಗ ಅದು ಬದಲಾಗುತ್ತಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಜನ ಪ್ರಶ್ನೆ ಕೇಳಿ ನೇರ ಉತ್ತರ ಪಡೆಯುವುದಕ್ಕೆ ಒಗ್ಗಿಕೊಂಡರು. ಗೂಗಲ್ ಕೂಡ 2024ರ ಮೇಯಲ್ಲಿ ಅಮೆರಿಕದಲ್ಲಿ, ಅದೇ ಆಗಸ್ಟ್‌ನಲ್ಲಿ ಭಾರತದಲ್ಲಿ 'ಎಐ ಓವರ್‌ವ್ಯೂ' ಶುರು ಮಾಡಿತು. ಹಲವು ಪುಟಗಳಲ್ಲಿದ್ದದ್ದನ್ನು ಸೇರಿಸಿ, ಯಂತ್ರವೇ ನಾಲ್ಕು ಸಾಲು ಬರೆದು ಎಲ್ಲಕ್ಕಿಂತ ಮೇಲೆ ಇಡುತ್ತದೆ. ಈ ಉತ್ತರದಲ್ಲಿ ತಮ್ಮ ಹೆಸರು ಬರುವಂತೆ ಮಾಡುವ ಹೊಸ ವಿದ್ಯೆಗೆ 'ಜಿಇಒ' ಎಂದು ಹೆಸರೂ ಬಂದಿದೆ.

ಅನುಕೂಲ ಇದೆ, ನಿಜ. ತೊಂದರೆ ಏನೆಂದರೆ ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಗಟ್ಟಿ ದನಿಯಲ್ಲಿ ಬರುತ್ತದೆ. ಶುರುವಾದ ಮೊದಲ ತಿಂಗಳಲ್ಲೇ, ಪಿಜ್ಜಾದ ಮೇಲೆ ಚೀಸ್ ನಿಲ್ಲದಿದ್ದರೆ ಅಂಟು ಬೆರೆಸಿ ಎಂದು ಗೂಗಲ್ ಎಐ ಸಲಹೆ ಕೊಟ್ಟದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಯಾರೋ ಹಿಂದೆಂದೋ ತಮಾಷೆಗೆ ಬರೆದದ್ದನ್ನು ಯಂತ್ರ ನಿಜ ಅಂದುಕೊಂಡಿತ್ತು. ಪಿಜ್ಜಾದ ವಿಷಯಕ್ಕೆ ನಗಬಹುದು. ತೆರಿಗೆ ವಿಷಯಕ್ಕೆ?

ಗಲ್ಫ್‌ನವರು ಪದೇ ಪದೇ ಹುಡುಕುವ ಒಂದು ಪ್ರಶ್ನೆ ತೆಗೆದುಕೊಳ್ಳಿ: ವರ್ಷದಲ್ಲಿ ಊರಲ್ಲಿ ಎಷ್ಟು ದಿನ ಇದ್ದರೆ ಎನ್‌ಆರ್‌ಐ ಸ್ಥಾನ ಹೋಗುತ್ತದೆ? ವಿದೇಶದಲ್ಲಿ ಕೆಲಸದಲ್ಲಿದ್ದು ಊರಿಗೆ ರಜೆಗೆ ಬರುವ ಭಾರತೀಯ ನಾಗರಿಕರಿಗೆ ಸಾಮಾನ್ಯ ಮಿತಿ 182 ದಿನ. 2020ರಲ್ಲಿ ಇದಕ್ಕೆ ತಿದ್ದುಪಡಿ ಬಂದು, ಕೆಲವರಿಗೆ ಮಾತ್ರ 120 ದಿನ ಎಂದಾಯಿತು. ಯಾರಿಗೆ? ವಿದೇಶದ ಆದಾಯ ಬಿಟ್ಟು ಉಳಿದ ಆದಾಯ, ಅಂದರೆ ಊರಿನ ಬಾಡಿಗೆ, ಎನ್‌ಆರ್‌ಒ ಬಡ್ಡಿ ಇತ್ಯಾದಿ, ವರ್ಷಕ್ಕೆ 15 ಲಕ್ಷ ರೂಪಾಯಿ ಮೀರಿದವರಿಗೆ. ಗಲ್ಫ್‌ನಲ್ಲಿ ಮಾಡುವ ಕೆಲಸದ ಸಂಬಳ ಈ 15 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ಸೈಟ್‌ನಲ್ಲೋ ವೇರ್‌ಹೌಸ್‌ನಲ್ಲೋ ದುಡಿಯುವ ಹೆಚ್ಚಿನವರಿಗೆ ಹಾಗಾಗಿ 182 ದಿನವೇ ಲೆಕ್ಕ.

ನಾಲ್ಕು ಸಾಲಿನ ಸಾರಾಂಶದಲ್ಲಿ ಈ 15 ಲಕ್ಷದ ಷರತ್ತು ಬಿಟ್ಟುಹೋದರೆ ಏನಾಗುತ್ತದೆ? ಅಮ್ಮನ ಆಪರೇಶನ್‌ಗೆಂದು ಊರಿಗೆ ಬಂದವರು 120 ದಿನ ದಾಟುತ್ತದೆ ಎಂದು ಹೆದರಿ ಬೇಗ ಟಿಕೆಟ್ ಮಾಡಿಸುತ್ತಾರೆ. ಅಥವಾ ಇದನ್ನೇ ತೋರಿಸಿ ಹೆದರಿಸುವವರಿಗೆ ಸುಮ್ಮನೆ ಫೀಸ್ ಕೊಡುತ್ತಾರೆ. 2020ಕ್ಕೂ ಹಿಂದಿನ ಹಳೇ ಪುಟ ಮೇಲೆ ಬಂದರೆ ಉಲ್ಟಾ ಆಗುತ್ತದೆ: ಊರಲ್ಲಿ ಒಳ್ಳೆಯ ಬಾಡಿಗೆ ಆದಾಯ ಇರುವವರಿಗೆ 120 ದಿನದ ವಿಷಯವೇ ಗೊತ್ತಾಗುವುದಿಲ್ಲ. ಇದರ ಮೇಲೆ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಹಳೇ ಸೆಕ್ಷನ್ ನಂಬರ್ ಹಾಕಿ ಬರೆದ ಸಾವಿರಾರು ಪುಟ ಇನ್ನೂ ಹಾಗೇ ಇವೆ. ಆದ್ದರಿಂದ ಹಣ, ಕಾನೂನು, ಔಷಧ ಈ ಮೂರರಲ್ಲಿ ಸಾರಾಂಶ ಓದಿ ನಿಲ್ಲಬೇಡಿ. ಕೆಳಗೆ ಕೊಟ್ಟಿರುವ ಮೂಲ ಪುಟ ತೆರೆದು, ಯಾವ ತಾರೀಖಿನದು, ಯಾರು ಬರೆದದ್ದು ಎಂದು ನೋಡಿ. ವೋಚರ್ ಇಲ್ಲದ ಎಂಟ್ರಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ಕಸ್ಟಮರ್ ಕೇರ್ ನಂಬರ್ ಎಂಬ ಬಲೆ

ಎಲ್ಲಕ್ಕಿಂತ ಹೆಚ್ಚು ಜನ ಬೀಳುವುದು ಇಲ್ಲಿ. ಕಳಿಸಿದ ಹಣ ಊರಲ್ಲಿ ಜಮೆ ಆಗಿಲ್ಲ, ಟಿಕೆಟ್ ರದ್ದಾಗಿ ರಿಫಂಡ್ ಬಂದಿಲ್ಲ ಎಂದಾಗ ಗಾಬರಿಯಲ್ಲಿ ಕಂಪನಿಯ ಹೆಸರಿನ ಜೊತೆ 'ಕಸ್ಟಮರ್ ಕೇರ್ ನಂಬರ್' ಎಂದು ಹುಡುಕುತ್ತಾರೆ. ಮೋಸಗಾರರು ಇದನ್ನೇ ಕಾಯುತ್ತಿರುತ್ತಾರೆ. ಯಾರು ಬೇಕಾದರೂ ಬರೆಯಬಹುದಾದ ಸೈಟ್‌ಗಳಲ್ಲಿ, ಅಪ್‌ಲೋಡ್ ಮಾಡಿದ ಪಿಡಿಎಫ್‌ಗಳಲ್ಲಿ, ಮ್ಯಾಪ್‌ನ ತಿದ್ದುಪಡಿಗಳಲ್ಲಿ ತಮ್ಮ ನಂಬರನ್ನು ಆ ಕಂಪನಿಯ ಹೆಸರಿನ ಪಕ್ಕದಲ್ಲಿ ನೂರಾರು ಸಲ ಬರೆದಿಡುತ್ತಾರೆ. ಅದೇ ಎಸ್‌ಇಒ ವಿದ್ಯೆ, ಕೆಟ್ಟ ಕೈಯಲ್ಲಿ. ಎಷ್ಟೋ ಕಡೆ ಒಂದೇ ನಂಬರ್ ಕಂಡಾಗ ಯಂತ್ರಕ್ಕೂ ಅದೇ ನಿಜ ಅನ್ನಿಸುತ್ತದೆ. ಎಐ ಉತ್ತರದೊಳಗೂ ಇಂಥ ನಂಬರ್‌ಗಳು ಬಂದದ್ದು ವರದಿಯಾಗಿದೆ.

ಫೋನ್ ಎತ್ತಿದವರು ಹಿಂದಿ, ಇಂಗ್ಲಿಷ್‌ನಲ್ಲಿ ಮರ್ಯಾದೆಯಿಂದಲೇ ಮಾತಾಡುತ್ತಾರೆ. ನಂತರ ಸ್ಕ್ರೀನ್ ಕಾಣುವ ಆ್ಯಪ್ ಹಾಕಿಸುತ್ತಾರೆ, ಒಟಿಪಿ ಕೇಳುತ್ತಾರೆ. ಆಮೇಲೆ ಖಾತೆ ಖಾಲಿ. ಬ್ಯಾಂಕಿನ ನಂಬರ್ ಬೇಕಾದರೆ ಎಟಿಎಂ ಕಾರ್ಡಿನ ಹಿಂದೆ ಇದೆ, ಎಕ್ಸ್‌ಚೇಂಜ್‌ನದ್ದು ರಸೀದಿಯ ಮೇಲಿದೆ, ಏರ್‌ಲೈನ್ಸ್‌ನದ್ದು ಅವರ ಆ್ಯಪ್‌ನೊಳಗಿದೆ. ನಂಬರ್‌ಗಾಗಿ ಸರ್ಚ್ ಮಾಡುವ ಅಗತ್ಯವೇ ಇಲ್ಲ.

ಕೆಲಸ ಹುಡುಕುವವರಿಗೆ

ತಮ್ಮನಿಗೋ ಭಾವನಿಗೋ ಕೆಲಸ ಹುಡುಕುವಾಗಲೂ ಇದೇ ಎಚ್ಚರ. ಏಜೆನ್ಸಿಯ ಸೈಟ್ ಮೇಲೆ ಬಂದಿದೆ, ಆಫೀಸಿನ ಫೋಟೋ ಇದೆ, ಐದು ಸ್ಟಾರ್ ಇದೆ ಎಂಬುದು ಸಾಕ್ಷಿ ಅಲ್ಲ. ಸ್ಟಾರ್ ಕೂಡ ದುಡ್ಡಿಗೆ ಸಿಗುತ್ತದೆ. ಭಾರತದಿಂದ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಸೈಟ್‌ನಲ್ಲಿ ಆ ಪಟ್ಟಿ ಇದೆ. ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೇಳುವುದು ನಿಮ್ಮ ಹಕ್ಕು.

ವಿಳಾಸ ಓದುವುದನ್ನು ಕಲಿಯಿರಿ

ಸೈಟ್ ತೆರೆದ ಕೂಡಲೇ ಬಣ್ಣ, ಲಾಂಛನ, ಅಶೋಕ ಸ್ತಂಭ ನೋಡಬೇಡಿ, ಅವನ್ನು ಯಾರೂ ನಕಲು ಮಾಡಬಹುದು. ಮೇಲಿನ ವಿಳಾಸ ನೋಡಿ. ಅದರಲ್ಲೂ ಮೊದಲ ಓರೆಗೆರೆಗೆ ಮುಂಚೆ ಕೊನೆಯಲ್ಲಿ ಏನಿದೆ ನೋಡಿ.

ಭಾರತ ಸರ್ಕಾರದ್ದು 'ಡಾಟ್ ಗವ್ ಡಾಟ್ ಇನ್' ಅಥವಾ 'ಡಾಟ್ ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ. ಯುಎಇ ಸರ್ಕಾರದ್ದು 'ಗವ್ ಡಾಟ್ ಎಇ', ಸೌದಿಯದ್ದು 'ಗವ್ ಡಾಟ್ ಎಸ್‌ಎ', ಕತಾರ್‌ನದ್ದು 'ಗವ್ ಡಾಟ್ ಕ್ಯೂಎ', ಕುವೈತ್‌ನದ್ದು 'ಗವ್ ಡಾಟ್ ಕೆಡಬ್ಲ್ಯೂ', ಒಮಾನ್‌ನದ್ದು 'ಗವ್ ಡಾಟ್ ಒಎಂ', ಬಹರೈನ್‌ನದ್ದು 'ಗವ್ ಡಾಟ್ ಬಿಎಚ್'. ಸೌದಿಯ ಅಬ್ಶೀರ್, ಕಿವಾದಂತೆ ಕೆಲವಕ್ಕೆ ಬರೀ 'ಡಾಟ್ ಎಸ್‌ಎ' ಇರುವುದೂ ಉಂಟು. ಹೆಸರಿನ ನಡುವೆ 'ಗವ್' ಎಂದಿದ್ದು ಕೊನೆಯಲ್ಲಿ 'ಡಾಟ್ ಕಾಮ್' ಅಥವಾ 'ಡಾಟ್ ಆರ್ಗ್' ಇದ್ದರೆ ಅನುಮಾನ ಪಡಿ.

ಬ್ಯಾಂಕ್‌ಗಳ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈ ವಿಳಾಸ ಬ್ಯಾಂಕ್‌ಗಳಿಗೆ ಮಾತ್ರ ಸಿಗುತ್ತದೆ. ನಿಮ್ಮ ಎನ್‌ಆರ್‌ಇ ಖಾತೆಯ ಸೈಟ್ ಎಂದು ತೋರಿಸಿದ ಪುಟಕ್ಕೆ ಈ ಕೊನೆ ಇಲ್ಲದಿದ್ದರೆ ಪಾಸ್‌ವರ್ಡ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಒಮ್ಮೆ ಸರಿಯಾದ ಸೈಟ್ ಸಿಕ್ಕಿದರೆ ಬುಕ್‌ಮಾರ್ಕ್ ಮಾಡಿ, ಪ್ರತಿ ಸಲ ಸರ್ಚ್ ಮೂಲಕ ಹೋಗಬೇಡಿ.

ಸಣ್ಣ ವ್ಯಾಪಾರ ಇರುವವರಿಗೆ

ಕೆಫೆಟೇರಿಯಾ, ಗ್ಯಾರೇಜ್, ಊರಲ್ಲಿ ಹೋಂಸ್ಟೇ ನಡೆಸುವವರಿಗೆ 'ಗೂಗಲ್ ಮೊದಲ ಪುಟಕ್ಕೆ ಗ್ಯಾರಂಟಿ' ಎಂದು ಫೋನ್ ಬರುತ್ತಿರುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಎಂದು ಗೂಗಲ್ ತಾನೇ ಹೇಳಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಸರಿಯಾದ ವಿಳಾಸ, ಸಮಯ, ಫೋನ್, ನಿಜವಾದ ಫೋಟೋ ಹಾಕಿ. ನಿಮ್ಮ ಅಂಗಡಿಯ ಫೋನ್ ನಂಬರನ್ನು ಬೇರೆಯವರು ಬದಲಿಸಿದ್ದಾರಾ ಎಂದು ತಿಂಗಳಿಗೊಮ್ಮೆ ನೋಡಿ. ಅಷ್ಟು ಮಾಡಿದ ಮೇಲೆ ಬೇಕಾದರೆ ಏಜೆನ್ಸಿಯ ಮಾತು ಕೇಳಿ.

ಮೋಸ ಹೋದರೆ?

ನಾಚಿಕೆ ಪಟ್ಟು ಸುಮ್ಮನಿದ್ದರೆ ಹಣ ಇನ್ನೂ ದೂರ ಹೋಗುತ್ತದೆ. ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ಖಾತೆ ಬ್ಲಾಕ್ ಮಾಡಿಸಿ. ಭಾರತದ ಖಾತೆಯಿಂದ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಬೇಕು. ಗಲ್ಫ್‌ನಿಂದ ಕರೆ ಹೋಗದಿದ್ದರೆ ಊರಿನವರಿಂದ ಮಾಡಿಸಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದಾಖಲಿಸಿ. ಗಲ್ಫ್‌ನ ಖಾತೆಯಾದರೆ ಅಲ್ಲಿನ ಪೊಲೀಸರಿಗೆ. ಸ್ಕ್ರೀನ್‌ಶಾಟ್, ಕರೆ ಬಂದ ನಂಬರ್, ವ್ಯವಹಾರದ ಸಂಖ್ಯೆ ತೆಗೆದಿಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈ ಮಾತನ್ನು ಊರಲ್ಲಿರುವ ಅಪ್ಪ, ಅಮ್ಮ, ಮನೆಯವರಿಗೂ ಹೇಳಿ. ಇಲ್ಲಿಂದ ಕಳಿಸಿದ ದುಡ್ಡು ಇರುವುದು ಅವರ ಖಾತೆಯಲ್ಲಿ, ಸರ್ಚ್ ಮಾಡುವ ಮೊಬೈಲ್ ಅವರ ಕೈಯಲ್ಲೂ ಇದೆ.