ಗಣಕಯಂತ್ರಕ್ಕೊಂದು ಬೀಗ



ಷಾರ್ಲೆಟ್ಟಿನ ನಮ್ಮ ಮನೆಗಳ ಗಣಕಯಂತ್ರಗಳಲ್ಲಿ ತೆರಿಗೆಯ ಲೆಕ್ಕದಿಂದ ಹಿಡಿದು ತಂದೆತಾಯಿಯರ ವೀಸಾ ಪತ್ರಗಳವರೆಗೆ ಎಲ್ಲವೂ ಇರುತ್ತವೆ. ಪಾಸ್‌ವರ್ಡ್ ಇದ್ದರೂ ಪರದೆಯನ್ನು ತೆರೆದಿಟ್ಟು ಎದ್ದುಹೋದರೆ ಅದರಿಂದ ಪ್ರಯೋಜನವಿಲ್ಲ. ರೋಗಿಯ ಕರೆಗೆ ಓಡುವ ನಾವು ವೈದ್ಯರು ಹೀಗೆ ಮರೆಯುವುದು ಸಹಜ. ಅಂತೆಯೇ 2003ರ ಹಿಪಾ ಭದ್ರತಾ ನಿಯಮಗಳಲ್ಲಿ, ಬಳಕೆಯಿಲ್ಲದಾಗ ಯಂತ್ರವು ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡೂ ಸೇರಿದೆ. ಮನೆಯಲ್ಲಿಯೂ ಐದು ನಿಮಿಷದ ಗಡುವು ಇಡಬಹುದು. ಏಳುವಾಗ ವಿಂಡೋಸ್ ಕೀಲಿಯೊಡನೆ ‘ಎಲ್’ ಒತ್ತಿದರೂ ಸಾಕು. ಪಾಸ್‌ವರ್ಡ್ ಉದ್ದವಾಗಿರಲಿ, ಮಕ್ಕಳ ಹೆಸರು ಬೇಡ, ಅದು ನೆಂಟರಿಗೆಲ್ಲ ಗೊತ್ತು!

ಆದರೆ ಕಳ್ಳನು ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಈ ಬೀಗ ತಡೆಯದು. ಅದಕ್ಕೆ ಬಿಟ್‌ಲಾಕರ್‌ನಂತಹ ಗೂಢಲಿಪಿಯ ರಕ್ಷಣೆ ಬೇಕು. ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟುಗಳೊಡನೆ ಇರಿಸಿ, ಮನೆಯವರಿಗೂ ತಿಳಿಸಿರಿ. ನಾವು ಹಾಸಿಗೆ ಹಿಡಿದ ದಿನ ಆ ಕಾಗದಗಳು ಬೇಕಾಗುವುದು ಅವರಿಗೇ.