ಗಡಿಯಾರದ ಎದುರು ಒಂದೇ ಸುತ್ತು

ಜಪಾನಿನ ಇಬರಾಕಿ ಪ್ರಾಂತದಲ್ಲಿ ಶಿಮೊತ್ಸುಮ ಎಂಬ ಊರಿದೆ. ಅದರ ಹೊರವಲಯದ ಬಯಲಿನಲ್ಲಿ 1970ರಿಂದ ತ್ಸುಕುಬಾ ಸರ್ಕ್ಯೂಟ್ ನಡೆಯುತ್ತಿದೆ. ಅದರ ಮುಖ್ಯ ಟ್ರ್ಯಾಕಿನ ಉದ್ದ ಬರೀ 2,045 ಮೀಟರ್. ಫಾರ್ಮುಲಾ ಒನ್ ರೇಸು ಇಲ್ಲಿ ನಡೆಯುವುದಿಲ್ಲ. ಆದರೂ ಹಳೆಯ ಜಪಾನಿ ಕಾರನ್ನು ಬಿಚ್ಚಿ ಜೋಡಿಸುತ್ತಿರುವ ಹವ್ಯಾಸಿ ಅಮೆರಿಕದಲ್ಲಿರಲಿ, ಆಸ್ಟ್ರೇಲಿಯಾದಲ್ಲಿರಲಿ, ಅವನಿಗೆ ಈ ಟ್ರ್ಯಾಕಿನ ಪ್ರತಿಯೊಂದು ತಿರುವೂ ಗೊತ್ತಿರುತ್ತದೆ. ಅದಕ್ಕೆ ಕಾರಣ ಒಂದು ಗಡಿ: ತ್ಸುಕುಬಾದ ಒಂದು ಸುತ್ತನ್ನು ಒಂದು ನಿಮಿಷದೊಳಗೆ ಮುಗಿಸಬೇಕು.

ಕೇಳಲು ಇದು ಸಣ್ಣ ಮಾತು. ಲೆಕ್ಕ ಹಾಕಿದರೆ ಸರಾಸರಿ ವೇಗ ಗಂಟೆಗೆ 122.7 ಕಿ.ಮೀ. ಆಗುತ್ತದೆ, ಹೆದ್ದಾರಿಯಲ್ಲಿ ಅಷ್ಟು ವೇಗ ಕಂಡವರು ಬೇಕಾದಷ್ಟು ಮಂದಿ. ಆದರೆ ಈ ಟ್ರ್ಯಾಕಿನಲ್ಲಿ ಹಿಂದಕ್ಕೇ ತಿರುಗಿಸುವಂಥ ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಕಾರು ಎರಡನೇ ಗೇರಿಗೆ ಇಳಿದು, ಮತ್ತೆ ಮೊದಲಿನಿಂದ ವೇಗ ಕೂಡಿಸಿಕೊಳ್ಳಬೇಕು. ಶೋರೂಮಿನಿಂದ ಹೊರಬಂದ ಒಳ್ಳೆಯ ಸ್ಪೋರ್ಟ್ಸ್ ಕಾರು ಪಳಗಿದ ಕೈಯಲ್ಲೂ ಇಲ್ಲಿ ಸಾಮಾನ್ಯವಾಗಿ ಒಂದು ನಿಮಿಷ ದಾಟಿಯೇ ಗೆರೆ ಮುಟ್ಟುತ್ತದೆ. ಆ ಮಿಕ್ಕ ಕೆಲವು ಸೆಕೆಂಡುಗಳನ್ನು ಕಳೆಯುವುದಕ್ಕೆ ಎಷ್ಟೋ ಜನ ಹತ್ತಾರು ವರ್ಷ ಸವೆಸಿದ್ದಾರೆ.

ಈ ಕ್ರೀಡೆಯ ಹೆಸರು ಟೈಮ್ ಅಟ್ಯಾಕ್. ಇಲ್ಲಿ ಇಪ್ಪತ್ತು ಕಾರುಗಳು ಸಾಲಾಗಿ ನಿಂತು ಹಸಿರು ದೀಪಕ್ಕೆ ಕಾಯುವುದಿಲ್ಲ. ಒಬ್ಬರನ್ನೊಬ್ಬರು ಹಿಂದಿಕ್ಕುವುದೂ ಆಟದ ಭಾಗವಲ್ಲ. ಚಾಲಕರು ಅಂತರ ಬಿಟ್ಟು ಟ್ರ್ಯಾಕಿಗೆ ಇಳಿಯುತ್ತಾರೆ. ಕಾರಿಗೆ ಕಟ್ಟಿದ ಪುಟ್ಟ ಟ್ರಾನ್ಸ್‌ಪಾಂಡರ್ ಗೆರೆ ದಾಟಿದ ಗಳಿಗೆಯನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ದಾಖಲಿಸುತ್ತದೆ. ಇಡೀ ದಿನದಲ್ಲಿ ಯಾರ ಒಂದು ಸುತ್ತು ಎಲ್ಲಕ್ಕಿಂತ ವೇಗವಾಗಿತ್ತೋ ಅವರೇ ಗೆದ್ದವರು. ಕಂಬಳದ ಕರೆಯಲ್ಲಿ ಜೋಡಿ ಕೋಣಗಳು ಗುರಿ ಮುಟ್ಟಿದೊಡನೆ ಎಲ್ಲರ ಕಣ್ಣೂ ಲೇಸರ್ ಗಡಿಯಾರದ ಕಡೆ ಹೊರಳುವಂತೆ, ಇಲ್ಲಿಯೂ ಕೊನೆಯ ಮಾತು ಗಡಿಯಾರದ್ದೇ.

ಇದರ ಬೇರು ಜಪಾನಿನ ಟ್ಯೂನಿಂಗ್ ಗ್ಯಾರೇಜುಗಳಲ್ಲಿದೆ. ಅಲ್ಲಿನ ಕಾರು ತಯಾರಕರು 280 ಅಶ್ವಶಕ್ತಿಗಿಂತ ಹೆಚ್ಚಿನ ಕಾರನ್ನು ತಮ್ಮ ನಾಡಿನಲ್ಲಿ ಮಾರುವುದಿಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದರು. ಈ ಒಪ್ಪಂದ 2004ರವರೆಗೂ ನಡೆಯಿತು. ಕಾಗದದ ಮೇಲೆ ಶಕ್ತಿಗೆ ಮಿತಿ ಬಿತ್ತೇ ಹೊರತು ಎಂಜಿನಿಯರುಗಳ ಕೈ ಕಟ್ಟಿರಲಿಲ್ಲ. 1989ರಲ್ಲಿ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ 2.6 ಲೀಟರ್ ಎಂಜಿನ್ನಿಗೆ ಎರಡು ಟರ್ಬೊ, ಗಟ್ಟಿಮುಟ್ಟಾದ ಎರಕದ ಕಬ್ಬಿಣದ ಬ್ಲಾಕ್. ಟರ್ಬೊ ಬದಲಿಸಿ, ಇಂಧನದ ಹರಿವು ಹೆಚ್ಚಿಸಿದರೆ ಅದು ಕಂಪನಿ ಹೇಳಿದ್ದಕ್ಕಿಂತ ಎರಡು ಪಟ್ಟು ಶಕ್ತಿ ಕೊಟ್ಟರೂ ತಡೆದುಕೊಳ್ಳುತ್ತಿತ್ತು. ಮಜ್ದಾ ಆರ್‌ಎಕ್ಸ್-7, ಸುಬಾರು ಇಂಪ್ರೆಜಾ, 1992ರಿಂದ ಒಂದರ ಹಿಂದೆ ಒಂದು ಬಂದ ಮಿತ್ಸುಬಿಷಿ ಲ್ಯಾನ್ಸರ್ ಇವೊ, ಟರ್ಬೊ ಇಲ್ಲದೆಯೂ ಚುರುಕಾಗಿದ್ದ ಹೋಂಡಾ ಸಿವಿಕ್ ಟೈಪ್ ಆರ್ — ಹವ್ಯಾಸಿಗಳ ಕೈಗೆ ಒಂದಕ್ಕಿಂತ ಒಂದು ಒಳ್ಳೆಯ ಗಾಡಿಗಳು ಸಿಕ್ಕವು.

ಗ್ಯಾರೇಜು ಅಂದಮೇಲೆ ತಮ್ಮ ಕಾರೇ ಮೇಲು ಎಂಬ ವಾದ ಇದ್ದದ್ದೇ. ಅದನ್ನು ತೀರ್ಮಾನಿಸಲು ಒಂದು ಅಳತೆಗೋಲು ಬೇಕಿತ್ತು. 'ಆಪ್ಷನ್', 'ರೆವ್ ಸ್ಪೀಡ್'ನಂಥ ಪತ್ರಿಕೆಗಳು ಹೆಸರಾಂತ ಗ್ಯಾರೇಜುಗಳ ಕಾರುಗಳನ್ನು ತ್ಸುಕುಬಾಕ್ಕೆ ಕರೆಸಿ, ಒಂದೇ ದಿನ ಒಂದೇ ಟ್ರ್ಯಾಕಿನಲ್ಲಿ ಓಡಿಸಿ, ಸಮಯದ ಪಟ್ಟಿ ಅಚ್ಚು ಹಾಕತೊಡಗಿದವು. ಬಾಯಿಮಾತಿನ ಜಂಬಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಈ ಪೈಪೋಟಿಯ ತುದಿಗೇರಿದ್ದು ಬಿಡಿಭಾಗಗಳ ದೊಡ್ಡ ಕಂಪನಿ ಎಚ್‌ಕೆಎಸ್. ಲ್ಯಾನ್ಸರ್ ಇವೊವನ್ನು ಆಧಾರವಾಗಿಟ್ಟುಕೊಂಡು, ಹೊರಮೈಗೆ ಕಾರ್ಬನ್ ಫೈಬರ್ ಹೊದಿಸಿ ಅದು ಕಟ್ಟಿದ 'ಸಿಟಿ230ಆರ್' ಕಾರು ಈ ಶತಮಾನದ ಮೊದಲ ದಶಕದಲ್ಲಿ ತ್ಸುಕುಬಾವನ್ನು 53 ಸೆಕೆಂಡಿನ ಆಸುಪಾಸಿನಲ್ಲಿ ಸುತ್ತಿತು. ಚಕ್ರ ಹಿಡಿದವರು ವೃತ್ತಿಪರ ಚಾಲಕ ನೊಬುತೆರು ತನಿಗುಚಿ. ಹಣ, ಪ್ರಯೋಗಾಲಯ, ನುರಿತ ಚಾಲಕ ಎಲ್ಲವೂ ಬೆನ್ನಿಗಿದ್ದ ಆ ದಾಖಲೆಯನ್ನು ಹವ್ಯಾಸಿಯೊಬ್ಬ ಮುಟ್ಟಬಲ್ಲನೆಂದು ಆಗ ಹೇಳಿದ್ದರೆ ನಂಬುವವರು ಕಡಿಮೆ.

ಮುಟ್ಟಿದ್ದಷ್ಟೇ ಅಲ್ಲ, ಹವ್ಯಾಸಿಗಳು ಅದನ್ನು ದಾಟಿ ಬಹುದೂರ ಹೋದರು. ಅವರಲ್ಲಿ ಹೆಚ್ಚು ಹೆಸರಾದವರು 'ಅಂಡರ್ ಸುಜುಕಿ' ಎಂಬ ಅಡ್ಡಹೆಸರಿನಿಂದಲೇ ಜಗತ್ತಿಗೆ ಪರಿಚಿತರಾದ ಚಾಲಕ. ಅವರದು ನಿಸ್ಸಾನ್ ಸಿಲ್ವಿಯಾ ಎಸ್15, 1999ರಿಂದ 2002ರವರೆಗೆ ಮಾರಾಟದಲ್ಲಿದ್ದ ಎರಡು ಬಾಗಿಲ ಕಾರು. ಇವೊದಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋದರೆ, ಸಿಲ್ವಿಯಾದಲ್ಲಿ ಹಿಂದಿನ ಎರಡೇ ಚಕ್ರಕ್ಕೆ. ತಿರುವಿನಿಂದ ಹೊರಬರುವಾಗ ಆಕ್ಸಲರೇಟರನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಹಿಂಬದಿ ಜಾರುತ್ತದೆ. ಅಂಥ ಕಾರನ್ನು ಅವರು ವರ್ಷದಿಂದ ವರ್ಷಕ್ಕೆ ತಿದ್ದುತ್ತಾ ಹೋದರು. ಎಂಜಿನ್ನಿಗಿಂತ ಹೆಚ್ಚಿನ ಗಮನ ಗಾಳಿಯ ಹರಿವಿಗೆ ಹೋಯಿತು. ಮುಂಬದಿಯ ತಟ್ಟೆ ಅಗಲವಾಯಿತು, ಹಿಂದಿನ ರೆಕ್ಕೆ ಎತ್ತರವಾಯಿತು, ಬದಿಗಳು ಬದಲಾದವು. ಕೊನೆಗೆ ಅವರ ಸಿಲ್ವಿಯಾ ತ್ಸುಕುಬಾವನ್ನು 50 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಸುತ್ತಿ ಬಂತು. ಅಂದರೆ ಹೇರ್‌ಪಿನ್‌ಗಳನ್ನೂ ಸೇರಿಸಿ ಸರಾಸರಿ ಗಂಟೆಗೆ 147 ಕಿ.ಮೀ.ಗೂ ಮಿಕ್ಕಿದ ವೇಗ. ಆ ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೆಂದರೆ ನಾಲ್ಕು ಮೀಟರ್. ದೊಡ್ಡ ಕಂಪನಿಯ ಮುಂದೆ ಹವ್ಯಾಸಿಯ ತಾಳ್ಮೆ ಗೆದ್ದದ್ದಕ್ಕೆ ಮೋಟಾರು ಕ್ರೀಡೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗಾದರೆ ಆ ಒಂದು ಸುತ್ತಿನಲ್ಲಿ ಏನೇನು ಅಡಗಿದೆ?

ಮೊದಲು ಬರುವುದು ಟೈರು. ಈ ಕಾರುಗಳು ಬಳಸುವುದು ಸೆಮಿ ಸ್ಲಿಕ್ ಟೈರುಗಳನ್ನು. ಯೊಕೊಹಾಮಾ ಕಂಪನಿಯ ಅಡ್ವಾನ್ ಎ050 ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ಮೈಮೇಲೆ ಕೆಲವೇ ಕೆಲವು ಗೀರುಗಳಿರುವ ಈ ಟೈರಿನ ಮೆದು ರಬ್ಬರು ಬಿಸಿಯಾದಾಗ ಡಾಂಬರನ್ನು ಕಚ್ಚಿ ಹಿಡಿಯುತ್ತದೆ. ಆ ಹಿಡಿತ ಪೂರ್ತಿ ಸಿಗುವುದು ಒಂದೆರಡು ಸುತ್ತು ಮಾತ್ರ. ತಣ್ಣಗಿದ್ದರೆ ಜಾರುತ್ತದೆ, ತೀರಾ ಕಾದರೂ ಜಾರುತ್ತದೆ. ಹೀಗಾಗಿ ಚಾಲಕ ಮೊದಲ ಸುತ್ತಿನಲ್ಲಿ ಟೈರು, ಬ್ರೇಕುಗಳನ್ನು ಹದಕ್ಕೆ ತರುತ್ತಾನೆ. ಎರಡನೆಯದರಲ್ಲಿ ಇದ್ದಬದ್ದುದನ್ನೆಲ್ಲ ಸುರಿಯುತ್ತಾನೆ. ಮೂರನೆಯದರಲ್ಲಿ ನಿಧಾನವಾಗಿ ಬಂದು ಗಾಡಿಯನ್ನು ತಣಿಸುತ್ತಾನೆ. ಆ ಎರಡನೇ ಸುತ್ತಿನಲ್ಲಿ ಮುಂದೆ ನಿಧಾನದ ಕಾರೊಂದು ಅಡ್ಡ ಬಂದರೆ, ಒಂದು ಗೇರು ತಪ್ಪಿದರೆ, ಅಲ್ಲಿಗೆ ಮುಗಿಯಿತು. ಟೈರು ಆರುವವರೆಗೆ ಕಾಯಬೇಕು.

ಎರಡನೆಯದು ಹವೆ. ತ್ಸುಕುಬಾದ ದಾಖಲೆಗಳ ಬೇಟೆ ನಡೆಯುವುದು ಚಳಿಗಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಅದೂ ಬೆಳಗಿನ ಹೊತ್ತು. 35 ಡಿಗ್ರಿಯ ಗಾಳಿಗಿಂತ 5 ಡಿಗ್ರಿಯ ಗಾಳಿ ಶೇ 10ರಷ್ಟು ಹೆಚ್ಚು ಸಾಂದ್ರ. ಎಂಜಿನ್ ಒಂದು ಉಸಿರಿನಲ್ಲಿ ಎಳೆದುಕೊಳ್ಳುವ ಆಮ್ಲಜನಕ ಅಷ್ಟು ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಹೆಚ್ಚು ಪೆಟ್ರೋಲು ಉರಿಸಬಹುದು. ಟರ್ಬೊ ಒತ್ತಿ ಕಳಿಸುವ ಗಾಳಿಯೂ ತಂಪಾಗಿರುತ್ತದೆ. ಸಾಂದ್ರ ಗಾಳಿಯಿಂದ ರೆಕ್ಕೆಗೂ ಹೆಚ್ಚಿನ ಒತ್ತಡ ಸಿಗುತ್ತದೆ.

ಮೂರನೆಯದು ಆ ರೆಕ್ಕೆ. ಮೊದಲ ಸಲ ನೋಡಿದವರಿಗೆ ಈ ಕಾರುಗಳ ಹಿಂದಿನ ರೆಕ್ಕೆ, ಬಂಪರಿನ ಕೆಳಗೆ ಚಾಚಿಕೊಂಡ ತಟ್ಟೆ ಎಲ್ಲ ಬರೀ ಆಡಂಬರವೆನ್ನಿಸುತ್ತದೆ. ಅವುಗಳ ಕೆಲಸ ಕಾರನ್ನು ನೆಲಕ್ಕೆ ಒತ್ತುವುದು. ವಿಮಾನದ ರೆಕ್ಕೆ ಮೇಲಕ್ಕೆತ್ತಿದರೆ, ತಲೆಕೆಳಗಾದ ಈ ರೆಕ್ಕೆ ಕೆಳಕ್ಕೆ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟು. ತೂಕ ಹೆಚ್ಚಿಸದೆಯೇ ಟೈರು ನೆಲಕ್ಕೆ ಅಂಟಿಕೊಳ್ಳುವುದರಿಂದ, ವೇಗದ ತಿರುವುಗಳಲ್ಲಿ ಬ್ರೇಕ್ ತುಳಿಯುವ ಅಗತ್ಯವೇ ಕಡಿಮೆಯಾಗುತ್ತದೆ. ತ್ಸುಕುಬಾದ ಉದ್ದನೆಯ ಕೊನೆಯ ತಿರುವಿನಲ್ಲಿ ಸೆಕೆಂಡುಗಳು ಉಳಿಯುವುದು ಹೀಗೆ. ತೂಕದ ಲೆಕ್ಕ ಇದಕ್ಕೆ ಜೊತೆಯಾಗುತ್ತದೆ: ಹಿಂದಿನ ಸೀಟು, ಕಾರ್ಪೆಟ್, ಏಸಿ, ಸ್ಪೀಕರು ಎಲ್ಲ ಹೊರಗೆ. ಗಾಜಿನ ಕಿಟಕಿಗೆ ಬದಲು ಪಾಲಿಕಾರ್ಬೊನೇಟ್ ಹಾಳೆ.

ಆದರೆ ತೆಗೆದುಹಾಕಿದ ತೂಕದಲ್ಲಿ ಒಂದಿಷ್ಟನ್ನು ಜೀವ ಉಳಿಸುವುದಕ್ಕೆಂದು ಮತ್ತೆ ಸೇರಿಸಲೇಬೇಕು. ಉಕ್ಕಿನ ಕೊಳವೆಗಳ ರೋಲ್ ಕೇಜ್, ಭುಜ ಸೊಂಟಗಳನ್ನು ಬಿಗಿಯುವ ಬೆಲ್ಟು, ಬೆಂಕಿ ಆರಿಸುವ ಸಿಲಿಂಡರು, ಬೆಂಕಿ ತಡೆಯುವ ಉಡುಪು. ಇವುಗಳಲ್ಲಿ ಚೌಕಾಸಿ ಮಾಡುವವರನ್ನು ಒಳ್ಳೆಯ ಆಯೋಜಕರು ಟ್ರ್ಯಾಕಿಗೆ ಬಿಡುವುದಿಲ್ಲ.

ಜಪಾನಿನಿಂದ ಈ ಹುಚ್ಚು ಸಮುದ್ರ ದಾಟಲು ತಡವಾಗಲಿಲ್ಲ. ಕ್ಯಾಲಿಫೋರ್ನಿಯಾದ ಬಟನ್‌ವಿಲೋ ಟ್ರ್ಯಾಕಿನಲ್ಲಿ 2004ರಲ್ಲಿ 'ಸೂಪರ್ ಲ್ಯಾಪ್ ಬ್ಯಾಟಲ್' ಶುರುವಾಯಿತು. ಅಮೆರಿಕದ ಹವ್ಯಾಸಿಗಳಿಗೆ ಒಂದು ತೊಡಕಿತ್ತು. ಅಲ್ಲಿನ ಸುರಕ್ಷತಾ ನಿಯಮಗಳಿಗೆ ತಕ್ಕಂತೆ ತಯಾರಾಗದ ಕಾರನ್ನು ತರಿಸಿಕೊಂಡು ರಸ್ತೆಗಿಳಿಸಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಹೀಗಾಗಿ 1989ರ ಸ್ಕೈಲೈನ್ ಜಿಟಿ-ಆರ್ ಅವರಿಗೆ ನಿರಾತಂಕವಾಗಿ ಸಿಕ್ಕಿದ್ದು 2014ರಲ್ಲಿ. ಅಲ್ಲಿಯವರೆಗೆ ಅವರು ತಮ್ಮಲ್ಲೇ ಮಾರಾಟವಾಗುತ್ತಿದ್ದ ಸಿವಿಕ್, ಇಂಟೆಗ್ರಾ, ಇವೊಗಳನ್ನು ತಿದ್ದಿಕೊಂಡರು. ಜಪಾನಿನಂತೆಯೇ ಬಲಗಡೆ ಸ್ಟಿಯರಿಂಗ್ ಇರುವ ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹಳೆಯ ಜಪಾನಿ ಕಾರುಗಳು ಹೆಚ್ಚು ಸಲೀಸಾಗಿ ಬಂದವು.

ಸಿಡ್ನಿಯ ಟ್ರ್ಯಾಕೊಂದರಲ್ಲಿ 2010ರಲ್ಲಿ ಆರಂಭವಾದ 'ವರ್ಲ್ಡ್ ಟೈಮ್ ಅಟ್ಯಾಕ್ ಚಾಲೆಂಜ್' ಈ ಕ್ರೀಡೆಯ ದೊಡ್ಡ ಜಾತ್ರೆಯಾಯಿತು. ಮೊದಲ ವರ್ಷ ಗೆದ್ದದ್ದು ಜಪಾನಿನಿಂದ ಬಂದ 'ಸೈಬರ್ ಇವೊ', ಚಾಲಕ 'ಟಾರ್ಜನ್' ಯಮದಾ. ಸಮಯ ಒಂದೂವರೆ ನಿಮಿಷದ ಆಸುಪಾಸು. 2012ರಲ್ಲಿ ಆಸ್ಟ್ರೇಲಿಯಾದ 'ನೆಮೊ ಇವೊ' ಅದೇ ಟ್ರ್ಯಾಕನ್ನು 1 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ, ಆ ದೇಶದ ವೃತ್ತಿಪರ ಸೂಪರ್‌ಕಾರುಗಳನ್ನೂ ಮೀರಿಸಿತು. 2019ರಲ್ಲಿ ಪೋರ್ಷೆ 968 ಆಧರಿಸಿ ಕಟ್ಟಿದ ಕಾರು 1 ನಿಮಿಷ 20 ಸೆಕೆಂಡಿಗಿಂತ ಕೆಳಗಿಳಿಯಿತು. ಒಂಬತ್ತು ವರ್ಷದಲ್ಲಿ ಹತ್ತು ಸೆಕೆಂಡು ಕರಗಿತು. ಇದಕ್ಕೆ ಮುಖ್ಯ ಕಾರಣ ನಿಯಮಗಳ ಸಡಿಲ. ಎಷ್ಟು ದೊಡ್ಡ ರೆಕ್ಕೆ, ಎಷ್ಟು ಶಕ್ತಿ ಎಂಬುದಕ್ಕೆ ಮೇಲಿನ ವಿಭಾಗದಲ್ಲಿ ಕಡಿವಾಣ ಬಹಳ ಕಡಿಮೆ. ವೃತ್ತಿಪರ ರೇಸುಗಳಲ್ಲಿ ಎಂಜಿನಿಯರಿಗೆ ಸಿಗದ ಸ್ವಾತಂತ್ರ್ಯ ಇಲ್ಲಿ ಸಿಕ್ಕಿತು.

ಹಾಗೆಂದು ಇದು ಹಣವಂತರ ಆಟವಾಗಿಯೇ ಉಳಿದಿಲ್ಲ. ಸಿಡ್ನಿಯ ಸ್ಪರ್ಧೆಯಲ್ಲೂ ರಸ್ತೆ ಕಾರಿಗೆ ಹತ್ತಿರವಾದ 'ಕ್ಲಬ್‌ಸ್ಪ್ರಿಂಟ್'ನಿಂದ ಹಿಡಿದು ವೃತ್ತಿಪರರ 'ಪ್ರೊ' ತನಕ ಬೇರೆ ಬೇರೆ ವಿಭಾಗಗಳಿವೆ. ಕ್ಲಬ್ಬುಗಳ ಮಟ್ಟದಲ್ಲಂತೂ ಸಾವಿರಾರು ಜನ ವಾರವೆಲ್ಲ ಕಚೇರಿಗೆ ಹೋಗುವ ಕಾರಿನಲ್ಲೇ ಟ್ರ್ಯಾಕಿಗೆ ಬರುತ್ತಾರೆ. ಕಾರು ಕಾರು ತಾಗುವ ಭಯ ಕಡಿಮೆಯಾದ್ದರಿಂದ ಸಂಜೆ ಅದೇ ಕಾರಿನಲ್ಲಿ ಮನೆಗೂ ಹೋಗಬಹುದು. ಹೊಸಬನಿಗೆ ದಾಖಲೆಯ ಹಂಗಿಲ್ಲ. ಕಳೆದ ಸಲಕ್ಕಿಂತ ಅರ್ಧ ಸೆಕೆಂಡು ಕಡಿಮೆಯಾದರೆ ಅದೇ ಅವನ ಗೆಲುವು. ಅಷ್ಟಕ್ಕಾಗಿ ಅವನು ಕಾರಿನ ಯಂತ್ರವಿದ್ಯೆಯನ್ನು ತಾನಾಗಿ ಕಲಿಯುತ್ತಾನೆ. ಇದೇ ಈ ಕ್ರೀಡೆಯ ದೊಡ್ಡ ಕೊಡುಗೆ.

ನಮ್ಮಲ್ಲಿ ಕಥೆ ಬೇರೆ. ಮೂರು ವರ್ಷಕ್ಕಿಂತ ಹಳೆಯ ವಿದೇಶಿ ಕಾರನ್ನು ಸಾಮಾನ್ಯವಾಗಿ ಭಾರತಕ್ಕೆ ತರಿಸುವಂತಿಲ್ಲವಾದ್ದರಿಂದ ಸಿಲ್ವಿಯಾ, ಸ್ಕೈಲೈನ್‌ಗಳ ಪೀಳಿಗೆ ಇಲ್ಲಿಗೆ ಬರಲೇ ಇಲ್ಲ. ನಮ್ಮ ಹವ್ಯಾಸಿಗಳು ಪಳಗಿದ್ದು ಎಸ್ಟೀಮ್, ಸ್ವಿಫ್ಟ್, ಪೋಲೊ, ಹಳೆಯ ಹೋಂಡಾ ಸಿಟಿ, ತಮಿಳುನಾಡಿನ ತಿರುವಳ್ಳೂರಿನಲ್ಲಿ ತಯಾರಾದ ಲ್ಯಾನ್ಸರ್, ಸೀಡಿಯಾಗಳ ಮೇಲೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಕಟ್ಟುವುದು 189ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗಾಗಿ ತಿದ್ದಿದ ರೇಸ್ ಕಾರು ಟ್ರೇಲರಿನ ಮೇಲೆ ಟ್ರ್ಯಾಕಿಗೆ ಹೋಗಬೇಕು, ಅಲ್ಲೇ ಓಡಬೇಕು.

ಅಂಥ ಟ್ರ್ಯಾಕುಗಳು ಕನ್ನಡಿಗರಿಗೆ ತೀರಾ ದೂರವೇನೂ ಇಲ್ಲ. ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಉದ್ದದ ಮದ್ರಾಸ್ ಸರ್ಕ್ಯೂಟ್ ಇದೆ. ಅದು ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರ. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಾರುತಿ 800ರ ಎಂಜಿನ್ ಬಳಸಿ ಕಡಿಮೆ ಖರ್ಚಿನ ಫಾರ್ಮುಲಾ ಕಾರು ಕಟ್ಟಿ, ಎಷ್ಟೋ ಭಾರತೀಯ ಯುವಕರಿಗೆ ರೇಸಿನ ದಾರಿ ತೆರೆದ ಎಸ್. ಕರಿವರ್ಧನ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಹವ್ಯಾಸಿಗಳು ತಮ್ಮ ಕಾರನ್ನೇ ತಂದು ಓಡಿಸುವ ಟ್ರ್ಯಾಕ್ ದಿನಗಳು ಇಂಥ ಕಡೆ ನಡೆಯುತ್ತವೆ.

ನಂದಿಬೆಟ್ಟದ ತಿರುವುಗಳಲ್ಲಿ, ವಿಮಾನ ನಿಲ್ದಾಣದ ರಸ್ತೆಯಲ್ಲಿ ನಡುರಾತ್ರಿ ಕಾರಿನ ವೇಗ ಪರೀಕ್ಷಿಸುವ ಹುಡುಗರು ಒಮ್ಮೆ ಅಲ್ಲಿಗೆ ಹೋಗಿ ಬರಲಿ. ಹೋಗುವ ಮುನ್ನ ಟೈರಿನ ಗಾಳಿ, ಬ್ರೇಕ್ ಪ್ಯಾಡು ನೋಡಿಸಿಕೊಳ್ಳಬೇಕು. ಬ್ರೇಕ್ ಆಯಿಲ್ ಹೊಸದಾಗಿ ಹಾಕಿಸಬೇಕು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿದ ಹಳೆಯದು 155 ಡಿಗ್ರಿಗೇ ಕುದಿಯಬಹುದು, ಕುದ್ದರೆ ಬ್ರೇಕ್ ಹಿಡಿಯುವುದಿಲ್ಲ. ಒಳ್ಳೆಯ ಹೆಲ್ಮೆಟ್ ತಲೆಗಿರಲಿ. ಮೊದಲ ದಿನ ಕಾರನ್ನು ಮುಟ್ಟದೆ, ಕಂಪನಿ ಕೊಟ್ಟ ಹಾಗೆಯೇ ಓಡಿಸಿ ತಮ್ಮ ಸಮಯ ಬರೆದಿಟ್ಟುಕೊಳ್ಳಲಿ. ಯಾವ ಬಿಡಿಭಾಗ ಬದಲಿಸಬೇಕೆಂಬ ಯೋಚನೆ ಆಮೇಲೆ ಮಾಡಿದರಾಯಿತು.