ಲೆಕ್ಕಣಿಕೆಯ ಮೊನೆ

ಲೆಕ್ಕಣಿಕೆಯಿಂದ ಬರೆಯುತ್ತಿದ್ದ ಕಾಲದಲ್ಲಿ ಬರೆಯುವವನೇ ಅದರ ಮೊನೆಯನ್ನು ತನ್ನ ಕೈಗೆ ಹೊಂದುವಂತೆ ಕೆತ್ತಿಕೊಳ್ಳುತ್ತಿದ್ದ. ಗಣಕಯಂತ್ರ ಬಂದ ಮೇಲೆ ಆ ಸ್ವಾತಂತ್ರ್ಯ ಕೈತಪ್ಪಿತೆಂದೇ ನಾನು ಬಹುಕಾಲ ನಂಬಿದ್ದೆ. ನಂಬಿಕೆ ಕಳಚಿದ್ದು ಚಂದ್ರಾ ಲೇಔಟಿನ ನಮ್ಮ ಮನೆಯ ವರಾಂಡದಲ್ಲಿ, ನೆರೆಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯಿಂದ.

ನನ್ನ ಹಳೆಯ ಪ್ರಬಂಧಗಳನ್ನು ಗಣಕಕ್ಕೆ ಏರಿಸಿಯಾಗಿತ್ತು. ಆದರೆ ಇಸವಿಗಳು ಒಂದೆಡೆ ಕನ್ನಡ ಅಂಕಿಗಳಲ್ಲಿ, ಇನ್ನೊಂದೆಡೆ ಇಂಗ್ಲಿಷ್ ಅಂಕಿಗಳಲ್ಲಿ ಬೆರೆತುಹೋಗಿದ್ದವು. ಹತ್ತು ಅಂಕಿಗಳನ್ನು ಹತ್ತು ಸಲ ಹುಡುಕಿ ಬದಲಿಸಬೇಕು. ಅದೂ ನಲವತ್ತು ಪ್ರಬಂಧಗಳಲ್ಲಿ!

“ಇದನ್ನು ನೀವೇ ಯಂತ್ರಕ್ಕೆ ಕಲಿಸಿಬಿಡಬಹುದು, ಮೇಷ್ಟ್ರೇ” ಎಂದ ಹುಡುಗ.

“ನಾನು ವ್ಯಾಕರಣ ಹೇಳಿಕೊಟ್ಟವನು ಕಣಯ್ಯಾ, ನನಗೇಕೆ ಈ ಪ್ರೋಗ್ರಾಮಿನ ಗೊಡವೆ?”

“ಇದೂ ವ್ಯಾಕರಣವೇ” ಎಂದು ನಕ್ಕ.

ಅವನು ತೋರಿಸಿದ್ದು ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶ. ಅದರ ಮೊದಲ ರೂಪ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ. ಇಂದು ಬಳಕೆಯಲ್ಲಿರುವ, ರಿಚರ್ಡ್ ಸ್ಟಾಲ್ಮನ್ ರಚಿಸಿದ ಗ್ನೂ ಈಮ್ಯಾಕ್ಸ್ ಹೊರಬಂದದ್ದು 1985ರಲ್ಲಿ. ಅದರ ಒಳನುಡಿ, ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದ ಲಿಸ್ಪ್ ಭಾಷೆಯ ಒಂದು ಕವಲು. ಇಲ್ಲಿ ಒಂದು ಅಕ್ಷರ ಪರದೆಯ ಮೇಲೆ ಮೂಡುವುದೂ ಒಂದು ಆಜ್ಞೆಯ ಫಲವೇ. ಯಾವ ಕೀಲಿಗೆ ಯಾವ ಆಜ್ಞೆಯೆಂದು ತಂತ್ರಾಂಶವನ್ನೇ ಕೇಳಬಹುದು, ಒಪ್ಪದಿದ್ದರೆ ಬದಲಿಸಬಹುದು.

ಲಿಸ್ಪಿನ ವಾಕ್ಯಕ್ರಮ ನಮ್ಮದಕ್ಕೆ ತಿರುಗುಮುರುಗು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದರೆ, ಅಲ್ಲಿ ಮೊದಲಿಗೇ ಬರುತ್ತದೆ. “ಮೂರಕ್ಕೆ ಎರಡನ್ನು ಕೂಡಿಸು” ಎಂಬುದು (+ 3 2) ಎಂದಾಗುತ್ತದೆ. ಇಂಥ ಆವರಣದೊಳಗೆ ಮತ್ತೊಂದು ಆವರಣ ಸೇರುತ್ತ ದೊಡ್ಡ ವಾಕ್ಯಗಳು ಬೆಳೆಯುತ್ತವೆ.

ನಮ್ಮ ಕೆಲಸದ ಗುಟ್ಟು ಬಲು ಸರಳ. ಯೂನಿಕೋಡಿನಲ್ಲಿ ಪ್ರತಿ ಚಿಹ್ನೆಗೂ ಒಂದು ಸಂಖ್ಯೆಯುಂಟು. ಕನ್ನಡದ ಸೊನ್ನೆಗೆ 3302, ಇಂಗ್ಲಿಷಿನ ಸೊನ್ನೆಗೆ 48. ಎರಡು ಸಾಲುಗಳೂ ಒಂದೇ ಕ್ರಮದಲ್ಲಿ ಏರುವುದರಿಂದ, ಯಾವುದೇ ಕನ್ನಡ ಅಂಕಿಯ ಸಂಖ್ಯೆಯಿಂದ 3254ನ್ನು ಕಳೆದರೆ ಅದರ ಜೋಡಿ ಸಿಗುತ್ತದೆ. ಹುಡುಕು, ಕಳೆ, ಬದಲಿಸು, ಮುಂದೆ ಸಾಗು: ಇಷ್ಟನ್ನು ಕೆಲವೇ ಸಾಲುಗಳಲ್ಲಿ ಬರೆದು, ಆರಂಭದಲ್ಲಿ ತಂತ್ರಾಂಶ ಓದುವ ಕಡತದಲ್ಲಿ ಇರಿಸಿ, ಒಂದು ಕೀಲಿಗೆ ಕಟ್ಟಿದೆವು.

ಮರುದಿನ ನಾನೊಬ್ಬನೇ ಅದನ್ನು ತಿದ್ದಹೋಗಿ ಒಂದು ಆವರಣವನ್ನು ಮುಚ್ಚುವುದನ್ನೇ ಮರೆತೆ. ತಂತ್ರಾಂಶವೇನೋ ತೆರೆಯಿತು, ನನ್ನ ಕೀಲಿ ಮಾತ್ರ ಮೂಕವಾಗಿತ್ತು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಜೀವಮಾನವೆಲ್ಲ ತಪ್ಪು ಹುಡುಕಿದವನು ಅರ್ಧ ಗಂಟೆ ನನ್ನದೇ ತಪ್ಪನ್ನು ಹುಡುಕಿದೆ. ಸಿಕ್ಕಾಗ ಆದ ಸಂತೋಷ ಸಣ್ಣದಲ್ಲ.

ಆಗ ಸ್ಟಾಲ್ಮನ್ ಹೇಳಿದ ಒಂದು ಸಂಗತಿಯ ಅರ್ಥ ಹೊಳೆಯಿತು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಲಿಸ್ಪಿನಲ್ಲಿ ಇಂಥದೇ ತಂತ್ರಾಂಶವನ್ನು ಬರೆದಾಗ, ಅವರ ಕಚೇರಿಯ ಕಾರ್ಯದರ್ಶಿಗಳೂ ಅದನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಲು ಕಲಿತರಂತೆ. ಅದು ಪ್ರೋಗ್ರಾಮ್ ಬರೆಯುವ ಕೆಲಸವೆಂದು ಕೈಪಿಡಿ ಹೇಳಿರಲಿಲ್ಲ. ಆದ್ದರಿಂದ ಅವರು ಹೆದರಲೂ ಇಲ್ಲ!

ಕನ್ನಡ ಬರೆಯುವವನ ಇಂಥ ಸಣ್ಣ ತೊಡಕಿಗೆ ದೂರದೇಶದ ತಂತ್ರಜ್ಞನು ತಾನಾಗಿ ಪರಿಹಾರ ಹುಡುಕಿಯಾನೆಂದು ಕಾಯುವುದು ವ್ಯರ್ಥ. ಕಷ್ಟವನ್ನು ಬಲ್ಲವನೇ ಮೊನೆಯನ್ನೂ ಕೆತ್ತಿಕೊಳ್ಳಬೇಕು. ನಲವತ್ತು ಪ್ರಬಂಧಗಳೂ ಈಗ ಅಚ್ಚುಕಟ್ಟಾಗಿವೆ. ಹುಡುಗ ನಿನ್ನೆ ಬಂದು, ಇನ್ನೇನಾದರೂ ಆಗಬೇಕೇ ಎಂದು ಕೇಳಿದ. “ಬೇಡಪ್ಪ, ಮುಂದಿನದನ್ನು ನಾನೇ ಬರೆದು ನೋಡುತ್ತೇನೆ” ಎಂದೆ.